ಕೋಜ್ರಿ: ಒಂದು ಫ್ರೆಂಚ್ ಹರಟೆ ಊರೂರು ಸುತ್ತಿದ ಕಥೆ

ಎಲ್ರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಫ್ರೆಂಚ್ ಪದ ಇಟ್ಕೊಂಡು ಮಾತಾಡೋಣ, ಕೋಜ್ರಿ.

(ಸ್ಕ್ರೀನ್ ಮೇಲೆ ಫ್ರೆಂಚ್ ಸ್ಪೆಲ್ಲಿಂಗ್: causerie)

ಸ್ಪೆಲ್ಲಿಂಗ್ ನೋಡಿ ಕಾಸರೀ ಅಂತ ಓದ್ಬೇಡಿ, ಫ್ರೆಂಚಲ್ಲಿ ಎ, ಯು ಸೇರಿದ್ರೆ ಓ ಆಗತ್ತೆ. ಆರಾಮಾಗಿ ಕೂತು ಆಡೋ ಮಾತು ಅಂತ ಅರ್ಥ, ನಮ್ಮ ಹರಟೆ ಥರ. ಆದ್ರೆ ಇದರ ಬೇರು ಲ್ಯಾಟಿನ್ನಿನ ಕೌಸಾ, ಅಂದ್ರೆ ಕೋರ್ಟಿನ ವ್ಯಾಜ್ಯ. ಅದರಿಂದ ಹುಟ್ಟಿದ, ಕೇಸ್ ವಾದಿಸೋದು ಅಂತಿದ್ದ ಕ್ರಿಯಾಪದ ಜನರ ಬಾಯಲ್ಲಿ ಸವೆದು ಸವೆದು ಬರೀ ಮಾತಾಡೋದು ಅಂತಾಗೋಯ್ತು.

ಬಾಯಿಮಾತಾಗಿದ್ದ ಈ ಪದಕ್ಕೆ ಅಚ್ಚಿನಲ್ಲಿ ದೊಡ್ಡ ಹೆಸರು ತಂದುಕೊಟ್ಟೋನು ವಿಮರ್ಶಕ ಸ್ಯಾಂತ್ ಬವ್. 1849ರಿಂದ ಪ್ಯಾರಿಸ್ಸಿನ ಪೇಪರಲ್ಲಿ ಪ್ರತಿ ಸೋಮವಾರ ಸಾಹಿತ್ಯದ ಬಗ್ಗೆ ಬರೀತಿದ್ದ, ಅದಕ್ಕೆ ಸೋಮವಾರದ ಕೋಜ್ರಿಗಳು ಅಂತ್ಲೇ ಹೆಸರು. ಅರ್ಜೆಂಟೀನಾದಲ್ಲಿ ಮಾನ್ಸಿಜಾ ಅನ್ನೋ ಲೇಖಕ ಇದೇ ಪದ ಎತ್ಕೊಂಡು ಗುರುವಾರದ ಕೋಜ್ರಿಗಳನ್ನ ಬರೆದ.

ನಂಗೆ ತುಂಬಾ ಇಷ್ಟ ಆಗೋದು ಸ್ವೀಡನ್ ಕಥೆ. ಅಲ್ಲಿನೋರು ಸ್ಪೆಲ್ಲಿಂಗನ್ನೇ ತಮ್ಮ ಉಚ್ಚಾರಣೆಗೆ ಒಗ್ಗಿಸ್ಕೊಂಡು ಕೋಸೆರಿ ಮಾಡ್ಕೊಂಡ್ರು, ಅಲ್ಲಿ ಅದು ಪೇಪರಲ್ಲಿ ಬರೋ ನಗೆಬರಹ, ದಿನನಿತ್ಯದ ಚಿಲ್ಲರೆ ವಿಷಯ ಹಿಡಿದು "ನಾನು" ಅಂತ್ಲೇ ಶುರು ಮಾಡಿ ಸ್ವಲ್ಪ ಉಪ್ಪುಖಾರ ಹಚ್ಚಿ ಬರೆಯೋದು, ಎಷ್ಟೋ ಜನ ಕಾವ್ಯನಾಮದಲ್ಲೇ ಬರೀತಿದ್ರು, ಸ್ಕೂಲಲ್ಲೂ ಮಕ್ಕಳ ಕೈಲಿ ಬರೆಸ್ತಾರೆ. ಪಕ್ಕದ ನಾರ್ವೆಯಲ್ಲಿ ಅದೇ ಪದಕ್ಕೆ ಸಭೇಲಿ ನಿಂತು ಮಾಡೋ ಲಘು ಭಾಷಣ ಅನ್ನೋ ಅರ್ಥಾನೂ ಇದೆ. ಡಚ್ಚರಿಗೂ ಇದು ಉಪನ್ಯಾಸಾನೇ.

ಇನ್ನು ಫ್ರಾನ್ಸಲ್ಲಿ ಈಗ? ಫುಟ್ಬಾಲ್ ನೋಡೋರ ಬಾಯಲ್ಲಿದೆ! ಮ್ಯಾಚಿಗೆ ಮುಂಚೆ, ಹಾಫ್ ಟೈಮಲ್ಲಿ ಕೋಚ್ ಡ್ರೆಸ್ಸಿಂಗ್ ರೂಮಲ್ಲಿ ಆಡೋ ಮಾತೇ ಕೋಜ್ರಿ. 1998ರ ವರ್ಲ್ಡ್ ಕಪ್ ಫೈನಲ್ಲಿಗೆ ಮುಂಚೆ ಕೋಚ್ ಎಮೆ ಜಾಕೆ, ಕಾರ್ನರ್ ಕಿಕ್ಕುಗಳಲ್ಲಿ ಬ್ರೆಜಿಲ್‌ನೋರ ಮಾರ್ಕಿಂಗ್, ಅಂದ್ರೆ ಎದುರಾಳಿಯ ಬೆನ್ನು ಬಿಡದೆ ಕಾಯೋದು, ಸಡಿಲ ಅಂತ ಆಟಗಾರರಿಗೆ ಹೇಳಿದ್ರು, ಜಿದಾನ್ ಎರಡು ಕಾರ್ನರಿಗೆ ತಲೆಯಿಂದ ಎರಡು ಗೋಲ್ ಹೊಡೆದ, ಫ್ರಾನ್ಸ್ 3-0. ಇಂಥ ಮಾತಿಗೆ ಹರಟೆ ಅನ್ನೋಕೆ ನಂಗಂತೂ ಮನಸ್ಸು ಬರಲ್ಲ.

ಕಟ್ಟಡ ಕೆಲಸದ ಸೈಟಲ್ಲೂ ಸೇಫ್ಟಿ ಕೋಜ್ರಿ ಅಂತ ಇದೆ. ಮೇಸ್ತ್ರಿ ಕೆಲಸಗಾರರನ್ನ ಸುತ್ತ ನಿಲ್ಲಿಸ್ಕೊಂಡು ಏಣಿ, ಹೆಲ್ಮೆಟ್ಟು, ಎತ್ತರದ ಕೆಲಸ, ಹೀಗೆ ಯಾವ್ದಾದ್ರೂ ಒಂದೇ ಅಪಾಯದ ಬಗ್ಗೆ ಒಂದಷ್ಟು ನಿಮಿಷ ಮಾತಾಡ್ತಾನೆ, ಅವರೂ ತಮ್ಮ ಅನುಭವ ಹೇಳ್ಬೇಕು, ಆಮೇಲೆ ಹಾಜರಾತಿ ಶೀಟಿಗೆ ಸೈನ್ ಹಾಕಿ ಕೆಲಸಕ್ಕೆ ಹೋಗ್ಬೇಕು.