ಡಾಕ್ಟರೇ ಕೊಲೆಗಾರ ಅಂತ ಗೊತ್ತಾದ ಮೇಲೆ

ಎಲ್ಲರಿಗೂ ನಮಸ್ಕಾರ.

ಚಿತ್ರ ಸಮಾಜದ ಗೆಳೆಯರು ನನಗೆ ಕೊಟ್ಟ ವಿಷಯ 'ಥ್ರಿಲ್ಲರ್ ಸಿನಿಮಾದ ಚಿತ್ರಕಥೆ'. ಮೂರು ವಾರ ಮೊದಲೇ ಹೇಳಿದ್ದರು. ಶಿಸ್ತಾಗಿ ಏಳು ಅಂಶ ಬರೆದುಕೊಂಡು ಬಂದಿದ್ದೇನೆ. ಕಾಗದ ಇಲ್ಲೇ ಇದೆ, ನೋಡಿ. ಆದರೆ ಮೊನ್ನೆ ಭಾನುವಾರ ಒಂದು ಕ್ರೈಮ್ ಥ್ರಿಲ್ಲರ್ ನೋಡಿಬಿಟ್ಟೆ. ಆ ಸಂಕಟ ಇನ್ನೂ ಇಳಿದಿಲ್ಲ. ಅದನ್ನು ಮೊದಲು ಹೇಳಿ ಹಗುರಾಗುತ್ತೇನೆ, ಆಮೇಲೆ ಏಳು ಅಂಶ.

ಸಿನಿಮಾದ ಹೆಸರು ಹೇಳುವುದಿಲ್ಲ. ಬೈಯುವುದಕ್ಕೆ ಬಂದವನಲ್ಲ ನಾನು. ಬೈಸಿಕೊಳ್ಳುವಷ್ಟು ಕೆಟ್ಟ ಸಿನಿಮಾ ಆಗಿದ್ದರೆ ಖುಷಿಯೇ ಆಗುತ್ತಿತ್ತು. ಇದು ಅದೂ ಅಲ್ಲ. ಛಾಯಾಗ್ರಹಣ ಚೆನ್ನಾಗಿದೆ, ನಟರು ಚೆನ್ನಾಗಿದ್ದಾರೆ, ಮಳೆಯಂತೂ ತುಂಬಾ ಚೆನ್ನಾಗಿದೆ. ಹೊರಗೆ ಬಂದಾಗ ಮಾತ್ರ ಒಳಗೆ ಏನೂ ಉಳಿದಿರಲಿಲ್ಲ.

ಜೊತೆಗೆ ಬಂದಿದ್ದು ನಮ್ಮ ಭಾವ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ಸಿನಿಮಾ ನೋಡುವುದು ಫೈಲು ನೋಡಿದ ಹಾಗೆ. ನಗುವುದಿಲ್ಲ, ಸೀಟಿನ ತುದಿಗೆ ಬರುವುದಿಲ್ಲ, ಸೆಲ್‌ಫೋನ್ ತೆಗೆಯುವುದಿಲ್ಲ. ಕೈಕಟ್ಟಿ ಕೂತರೆ ಮುಗಿಯಿತು.

ಪರದೆ ಬೆಳಗಿತು. ರಾತ್ರಿ. ಮಳೆ. ನಿರ್ಜನ ರಸ್ತೆ. ಒಂದು ಕಾರು ಕೆಟ್ಟು ನಿಲ್ಲುತ್ತದೆ. ಮುಂದಿನದನ್ನು ನಾನು ಹೇಳಬೇಕಾ? ಹೌದು, ನೀವು ನಗುತ್ತಿರುವುದು ಸರಿಯಾಗಿಯೇ ಇದೆ. ಬೆಳಗ್ಗೆ ಹೆಣ ಸಿಗುತ್ತದೆ. ಬಿಳಿ ಬಟ್ಟೆ ಹೊದಿಸಿರುತ್ತಾರೆ, ಒಂದು ಕೈ ಮಾತ್ರ ಹೊರಗಿರುತ್ತದೆ. ಆ ಕೈ ಯಾಕೆ ಹೊರಗೇ ಇರುತ್ತದೋ ಆ ದೇವರಿಗೇ ಗೊತ್ತು. ರಜೆಯ ಮೇಲಿದ್ದ ಅಧಿಕಾರಿಗೆ ಫೋನ್ ಹೋಗುತ್ತದೆ. ಅವನಿಗೆ ಗಡ್ಡ ಬಂದಿದೆ, ನಿದ್ದೆ ಬರುವುದಿಲ್ಲ, ಹೆಂಡತಿ ತೀರಿಕೊಂಡಿದ್ದಾಳೆ. ಬಂದವನೇ ಗೋಡೆಗೆ ಫೋಟೋ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಕೆಂಪು ದಾರ ಎಳೆಯುತ್ತಾನೆ.

ಅಲ್ಲಿ ಭಾವ ಮೊದಲ ಸಲ ಬಾಯಿ ಬಿಟ್ಟರು. "ಮೂವತ್ತು ವರ್ಷದಲ್ಲಿ ಒಂದು ಗೋಡೇಲೂ ಕೆಂಪು ದಾರ ನೋಡಿಲ್ಲ ಕಣೋ. ನಮ್ಮಲ್ಲಿ ದಾರ ಅಂತ ಇದ್ದಿದ್ದು ಫೈಲು ಕಟ್ಟೋಕೆ."

ಇಪ್ಪತ್ತು ನಿಮಿಷ ಆಗಿರಬಹುದು, ಒಬ್ಬ ಡಾಕ್ಟರ್ ಬಂದ. ಕನ್ನಡಕ, ಮೆತ್ತಗಿನ ಮಾತು. ನಮ್ಮ ಅಧಿಕಾರಿಗೆ ನಿದ್ದೆ ಮಾತ್ರೆ ಬರೆದುಕೊಡುತ್ತಾನೆ, ಭುಜ ತಟ್ಟುತ್ತಾನೆ, ಹೋಗುತ್ತಾನೆ. ಅಷ್ಟೇ. ಭಾವ ನನ್ನ ಕಡೆ ವಾಲಿ ಹೇಳಿದರು, "ಇವನೇ."

"ಅದು ಹೇಗೆ ಹೇಳ್ತೀರಿ ಭಾವ?"

"ಇವನಿಗೆ ಕಥೇಲಿ ಏನು ಕೆಲಸ? ಮಾತ್ರೆ ಬರೆಯೋಕೆ ಇಷ್ಟು ದೊಡ್ಡ ನಟ ಯಾಕೆ ಬೇಕು?"

ಇದನ್ನು ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಒಂದು ನಿಯಮವಾಗಿಯೇ ಬರೆದಿಟ್ಟಿದ್ದರು. ಪಾತ್ರಗಳ ಮಿತವ್ಯಯದ ನಿಯಮ ಅಂತ ಕರೆಯಬಹುದು. ಸಿನಿಮಾದಲ್ಲಿ ಸುಮ್ನೆ ಯಾರಿಗೂ ಸಂಬಳ ಕೊಡುವುದಿಲ್ಲ. ಹಾಗಾಗಿ ಯಾರಿಗೆ ಕೆಲಸ ಇಲ್ಲ ಅನಿಸುತ್ತದೋ ಅವನೇ ಅಪರಾಧಿ. ಭಾವ ಈಬರ್ಟ್ ಓದಿದವರಲ್ಲ. ಬೇಕಾಗೂ ಇಲ್ಲ. ಹತ್ತು ಥ್ರಿಲ್ಲರ್ ನೋಡಿದ ಯಾರಿಗಾದರೂ ಇದು ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಕ್ಯಾಮೆರಾ ಡಾಕ್ಟರ ಹೆಗಲು ಮುಟ್ಟಿ ನೋಡುತ್ತಿತ್ತು. ಅವನು ಹೋದ ಮೇಲೂ ಖಾಲಿ ಕುರ್ಚಿಯ ಮೇಲೆ ಎರಡು ಸೆಕೆಂಡ್ ನಿಂತಿತು. ಯಾಕಪ್ಪಾ?

ಈಗ ನನ್ನ ತಕರಾರು. ಭಾವ ಇಪ್ಪತ್ತು ನಿಮಿಷಕ್ಕೇ ಕೊಲೆಗಾರನನ್ನು ಹಿಡಿದರು ಅನ್ನುವುದು ನನ್ನ ತಕರಾರಲ್ಲ. ಹಿಡಿದ ಮೇಲೆ ನೋಡುವುದಕ್ಕೆ ಏನೂ ಇರಲಿಲ್ಲ ಅನ್ನುವುದು ತಕರಾರು. ಇವೆರಡೂ ಬೇರೆ ಬೇರೆ. ವಿಮರ್ಶೆ ಬರೆಯುವವರು, ನಾನೂ ಸೇರಿ, 'ಕಥೆ ಊಹಿಸಬಹುದು' ಅಂತ ಒಂದು ಸಾಲು ಬರೆದು ಅರ್ಧ ಅಂಕ ಕಡಿಮೆ ಮಾಡಿ ಎದ್ದು ಹೋಗುತ್ತೇವೆ. ಊಹಿಸಬಹುದು, ಸರಿ. ಅದರಿಂದ ಏನು ಕಳೆದುಹೋಯಿತು? ಅದನ್ನು ನಾವು ಬರೆಯುವುದಿಲ್ಲ.

ಥ್ರಿಲ್ಲರ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಹೇಳಿದ ಬಾಂಬಿನ ಮಾತು ಈ ಸಭೆಗೆ ಹೊಸದಲ್ಲ. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೋ ಅವರ ಜೊತೆ ಕೂತು ಮಾತಾಡಿದಾಗ ಹೇಳಿದ್ದು. ಇಬ್ಬರು ಮೇಜಿನ ಹತ್ತಿರ ಕೂತು ಹರಟುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಬಾಂಬ್ ಸಿಡಿಯಿತು. ಪ್ರೇಕ್ಷಕರಿಗೆ ಸಿಕ್ಕಿದ್ದು ಹದಿನೈದು ಸೆಕೆಂಡಿನ ಅಚ್ಚರಿ. ಬದಲಿಗೆ, ಮೇಜಿನ ಕೆಳಗೆ ಬಾಂಬ್ ಇದೆ ಅಂತ ಮೊದಲೇ ತೋರಿಸಿ. ಅದೇ ಹರಟೆ ಹದಿನೈದು ನಿಮಿಷ ಜೀವ ಹಿಂಡುತ್ತದೆ. ಎಲ್ಲರೂ ಈ ಮಾತನ್ನು ಭಾಷಣಗಳಲ್ಲಿ ಹೇಳುತ್ತಾರೆ. ನಾನೂ ಈಗ ಹೇಳಿದೆ. ಸಿನಿಮಾ ಮಾಡುವಾಗ ಮಾತ್ರ ಬಾಂಬನ್ನು ಎರಡೂಕಾಲು ಗಂಟೆ ಬಚ್ಚಿಟ್ಟುಕೊಂಡು ಕೂರುತ್ತಾರೆ.

ಹಿಚ್‌ಕಾಕ್‌ವರೆಗೂ ಹೋಗಬೇಕಾಗಿಲ್ಲ. ನಮ್ಮ ರನ್ನ ಇದ್ದಾನಲ್ಲ. ಹತ್ತನೇ ಶತಮಾನದವನು. ಅವನ ಗದಾಯುದ್ಧ ಶುರುವಾಗುವ ಮೊದಲೇ ಕೇಳುವವರಿಗೆಲ್ಲ ಗೊತ್ತು, ದುರ್ಯೋಧನನ ತೊಡೆ ಮುರಿಯುತ್ತದೆ. ಇದಕ್ಕಿಂತ ಊಹಿಸಬಹುದಾದ ಕಥೆ ಉಂಟಾ? ಆದರೂ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದ ಮೇಲೆ ಭೀಮ ಗರ್ಜಿಸುತ್ತಾನೆ, ಆಗ ರನ್ನ ಏನು ಹೇಳುತ್ತಾನೆ? ನೀರೊಳಗಿದ್ದೂ ಅವನು ಬೆವೆತ. ಅಷ್ಟೇ ಮಾತು! ನೀರಲ್ಲಿ ಮುಳುಗಿದವನ ಬೆವರನ್ನು ಯಾವ ಕ್ಯಾಮೆರಾ ತೋರಿಸುತ್ತದೆ ಹೇಳಿ. ಅಲ್ಲಿ ನಮಗೆ 'ಮುಂದೇನು' ಅನ್ನುವ ಕುತೂಹಲವೇ ಇಲ್ಲ. ಒಬ್ಬ ಮನುಷ್ಯ ಸಿಕ್ಕಿಬೀಳುವ ಹೊತ್ತು ಹೇಗಿರುತ್ತದೆ ಅಂತ ನೋಡುತ್ತೇವೆ. ನೂರು ಸಲ ಓದಿದರೂ ಅವನು ಬೆವರುತ್ತಾನೆ, ನಾವೂ ಬೆವರುತ್ತೇವೆ.

ನಮ್ಮ ಸಿನಿಮಾದ ಡಾಕ್ಟರ್ ಒಂದು ಸಲವೂ ಬೆವರಲಿಲ್ಲ. ಬೆವರಿದರೆ ಗುಟ್ಟು ರಟ್ಟಾಗುತ್ತದಲ್ಲ! ಗುಟ್ಟು ಕಾಯುವುದಕ್ಕೋಸ್ಕರ ಅವನ ಭಯ, ಅವನ ಲೆಕ್ಕಾಚಾರ, ರಾತ್ರಿ ಮನೆಗೆ ಹೋಗಿ ಅವನು ಏನು ಮಾಡುತ್ತಾನೆ, ಎಲ್ಲವನ್ನೂ ಬಚ್ಚಿಟ್ಟರು. ಕಥೆಯ ಅತಿ ಕುತೂಹಲದ ಮನುಷ್ಯನೇ ಕಥೆಯಿಂದ ಹೊರಗೆ. ಇಷ್ಟೆಲ್ಲ ಕೊಟ್ಟು ಕಾಪಾಡಿದ ಆ ಗುಟ್ಟನ್ನು ಭಾವ ಇಪ್ಪತ್ತನೇ ನಿಮಿಷಕ್ಕೆ ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಲೆಕ್ಕ ಹಾಕಿ ನೋಡಿ, ಎಂಥ ನಷ್ಟದ ವ್ಯಾಪಾರ.

ಡಾಕ್ಟರ್ ಅಂದಾಗ ನೆನಪಾಯಿತು. ಕೊಲಂಬೊ ಅಂತ ಅಮೆರಿಕದ ಟೀವಿ ಸರಣಿ ಇತ್ತಲ್ಲ, 1971ರಿಂದ ಬಂದಿದ್ದು. ಅದಕ್ಕೂ ಮೊದಲು, 1968ರಲ್ಲಿ, ನಟ ಪೀಟರ್ ಫಾಕ್ ಪತ್ತೇದಾರ ಕೊಲಂಬೊ ಪಾತ್ರದಲ್ಲಿ ಮೊದಲ ಸಲ ಕಾಣಿಸಿಕೊಂಡ ಟೀವಿ ಚಿತ್ರದಲ್ಲಿ ಕೊಲೆಗಾರ ಯಾರು ಗೊತ್ತಾ? ಡಾಕ್ಟರೇ. ಮನೋವೈದ್ಯ. ಆದರೆ ಅವನು ಹೆಂಡತಿಯನ್ನು ಕೊಲ್ಲುವುದನ್ನು ಶುರುವಿನಲ್ಲೇ ತೋರಿಸುತ್ತಾರೆ. ಆಮೇಲೆ ಸುಕ್ಕಾದ ಕೋಟಿನ ಈ ಪತ್ತೇದಾರ ಬರುತ್ತಾನೆ, ಹೋಗುತ್ತಾನೆ, ಬಾಗಿಲ ತನಕ ಹೋದವನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಡಾಕ್ಟರ್ ಮುಖ ನೋಡುತ್ತಾ ನಾವು ಕೂರುತ್ತೇವೆ. ಯಾರು ಅನ್ನುವ ಪ್ರಶ್ನೆ ಬಿಸಾಕಿದ್ದಾರೆ. ಹೇಗೆ ಸಿಕ್ಕಿಬೀಳುತ್ತಾನೆ ಅನ್ನುವುದೇ ಆಟ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನ ಇಬ್ಬರು ಸಂಶೋಧಕರು ಹನ್ನೆರಡು ಸಣ್ಣಕಥೆ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮುಕ್ತಾಯ ಮೊದಲೇ ಹೇಳಿ ಓದಲು ಕೊಟ್ಟರು. ಅವರೇ ಕಥೆಗಳನ್ನು ಜಾಸ್ತಿ ಮೆಚ್ಚಿದರಂತೆ, ಪತ್ತೇದಾರಿ ಕಥೆಗಳನ್ನೂ. ಆಮೇಲೆ ಬಂದ ಕೆಲವು ಅಧ್ಯಯನಗಳು ಇದನ್ನು ಒಪ್ಪಿಲ್ಲ. ಅದನ್ನೂ ಹೇಳಬೇಕು, ಇಲ್ಲವಾದರೆ ಹಿಂದಿನ ಸಾಲಿನಲ್ಲಿ ಕೂತಿರುವ ಮನಶ್ಶಾಸ್ತ್ರದ ಮೇಷ್ಟ್ರು ನನ್ನನ್ನು ಬಿಡುವುದಿಲ್ಲ.

ಸರಿ, ಸಿನಿಮಾ ಮುಗಿದ ಮೇಲೆ ಏನಾಯಿತು ಹೇಳುತ್ತೇನೆ. ಹೊರಗೆ ಮೆಟ್ಟಿಲು ಇಳಿಯುತ್ತಾ ನಾನು, "ನೀವು ಗೆದ್ದಿರಿ ಭಾವ" ಅಂದೆ. ಅವರ ಮುಖದಲ್ಲಿ ಸಂತೋಷವೇ ಇಲ್ಲ. ಅವರು ಹೇಳಿದ್ದು ನನ್ನ ತಲೆಯಲ್ಲಿ ಇನ್ನೂ ಸುತ್ತುತ್ತಿದೆ. "ಯಾರು ಅಂತ ಹಿಡಿಯೋದು ಏನು ಮಹಾ ಕಣೋ. ನಮ್ಮ ಎಷ್ಟೋ ಕೇಸಲ್ಲಿ ಯಾರು ಮಾಡಿದ್ದು ಅಂತ ಮೊದಲ ದಿನ ಸಂಜೆಗೇ ಗೊತ್ತಾಗ್ತಿತ್ತು. ಗೊತ್ತಿದ್ದೂ ಏನೂ ಮಾಡೋಕಾಗದೆ ಕೂರೋದಿದೆಯಲ್ಲ, ಅದು ಕಷ್ಟ. ಅವನು ದಿನಾ ಎದುರಿಗೆ ಸಿಗ್ತಾನೆ, ನಮಸ್ಕಾರ ಸಾರ್ ಅಂತಾನೆ."

ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ನಮಸ್ಕಾರ ಸಾರ್ ಅಂತಾನೆ! ಅದೊಂದು ಸಾಲಿನಲ್ಲಿ ಇರುವ ಥ್ರಿಲ್ಲರು ನಾವು ಆಗಷ್ಟೇ ನೋಡಿ ಬಂದದ್ದರಲ್ಲಿ ಇರಲಿಲ್ಲ. ನಮ್ಮ ಅಧಿಕಾರಿಗೂ ಆ ಡಾಕ್ಟರೇ ಅಂತ ಇಪ್ಪತ್ತನೇ ನಿಮಿಷಕ್ಕೆ ಗೊತ್ತಾಗಿದ್ದರೆ? ವಾರಕ್ಕೊಂದು ಸಲ ಅವನ ಎದುರಿಗೇ ಹೋಗಿ ಕೂತು, ಅವನು ಬರೆದುಕೊಟ್ಟ ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡು, ನುಂಗಲೋ ಬೇಡವೋ ಅಂತ ರಾತ್ರಿ ಎಚ್ಚರ ಇದ್ದಿದ್ದರೆ? ಅವೇ ನಟರು, ಅದೇ ಮಳೆ, ಅದೇ ಡಾಕ್ಟರ್.

ಭಾವ ಇನ್ನೂ ಒಂದು ಮಾತು ಹೇಳಿದರು. "ಅವನ ಮೇಲೆ ಸಾಕ್ಷಿ ಏನಿತ್ತು?" ನಾನು ಯೋಚಿಸಿದೆ. ಏನೂ ಇರಲಿಲ್ಲ! ಕೊನೆಯಲ್ಲಿ ಡಾಕ್ಟರೇ ಹಳೇ ಗೋದಾಮಿನಲ್ಲಿ ನಿಂತು ಹದಿನೈದು ನಿಮಿಷ ತಾನು ಮಾಡಿದ್ದನ್ನೆಲ್ಲ ವಿವರಿಸುತ್ತಾನೆ. ಫ್ಲ್ಯಾಶ್‌ಬ್ಯಾಕ್ ಸಮೇತ. ವಿವರಿಸಿ ಮುಗಿದ ಕೂಡಲೇ ಅಧಿಕಾರಿ ಗುಂಡು ಹಾರಿಸುತ್ತಾನೆ. ಇಷ್ಟು ದಿನ ನಾನು ಅದನ್ನು ಹೀರೋಯಿಸಂ ಅಂದುಕೊಂಡಿದ್ದೆ. ಅಲ್ಲ ಸ್ವಾಮಿ. ಅದು ಚಿತ್ರಕಥೆಯ ಸೋಮಾರಿತನ. ಕೋರ್ಟಿಗೆ ಹೋದರೆ ಸಾಕ್ಷಿ ಬೇಕು. ಸಾಕ್ಷಿ ಬೇಕಾದರೆ ಬರೆಯುವವನು ಅದನ್ನು ಮೊದಲಿನಿಂದ ಒಂದೊಂದಾಗಿ ಬಿತ್ತಿಕೊಂಡು ಬರಬೇಕು. ಅದರ ಬದಲು ಒಂದು ಗುಂಡು ಸುಲಭ. ಮುಂದಿನ ಸಲ ಇಂಥ ಸಿನಿಮಾ ನೋಡುವಾಗ ಗಮನಿಸಿ, ಖಳನಾಯಕ ಎಷ್ಟು ಹೊತ್ತು ತಪ್ಪೊಪ್ಪಿಗೆ ಮಾತಾಡುತ್ತಾನೋ ಅಷ್ಟು ತನಿಖೆ ಸಿನಿಮಾದಲ್ಲಿ ನಡೆದಿಲ್ಲ ಅಂತ ಲೆಕ್ಕ.

ಅಯ್ಯೋ, ಚೀಟಿ ಬಂತು. ಹತ್ತು ನಿಮಿಷವಂತೆ. ಏಳು ಅಂಶದಲ್ಲಿ ಇನ್ನೂ ಎರಡನೆಯದಕ್ಕೇ ಬಂದಿಲ್ಲ.

ಓಡುತ್ತೇನೆ. ಟ್ವಿಸ್ಟು. ಊಹಿಸಿಬಿಡುತ್ತಾರೆ ಅನ್ನುವ ಹೆದರಿಕೆಗೆ ಈಗ ಕಂಡುಕೊಂಡಿರುವ ಮದ್ದು ಟ್ವಿಸ್ಟಿನ ಮೇಲೆ ಟ್ವಿಸ್ಟು. ಕೊನೆಯ ಐದು ನಿಮಿಷದಲ್ಲಿ ಒಬ್ಬ ಅವಳಿ ತಮ್ಮ ಬರುತ್ತಾನೆ. ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿ, ಅವರೂ ಪತ್ತೇದಾರಿ ಕಥೆ ಬರೆಯುತ್ತಿದ್ದರು, 1929ರಲ್ಲೇ ಹತ್ತು ಕಟ್ಟಳೆ ಮಾಡಿದ್ದರು. ಕೊನೆಯ ಕಟ್ಟಳೆ ಇದೇ. ಓದುಗರನ್ನು ಸಿದ್ಧಪಡಿಸದೆ ಅವಳಿಗಳನ್ನು ತರಬಾರದು. ಮೊದಲನೆಯದು, ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು. ಇದನ್ನು ಪಾಲಿಸಿದರೆ ಭಾವನಂಥವರು ಹಿಡಿದುಬಿಡುತ್ತಾರೆ, ಪಾಲಿಸದಿದ್ದರೆ ಮೋಸ. ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಈ ಇಕ್ಕಟ್ಟು ಬರುವುದು ಇಡೀ ಸಿನಿಮಾವನ್ನು ಒಂದೇ ಗುಟ್ಟಿಗೆ ನೇತುಹಾಕಿದಾಗ. ಮತ್ತೆ ಅದೇ ಹೇಳುತ್ತಿದ್ದೇನೆ, ಗೊತ್ತು.

ಮೂರನೆಯದು ಹಿನ್ನೆಲೆ ಸಂಗೀತ. ಬಾಗಿಲು ತೆರೆದರೂ ಢಮ್, ಬೆಕ್ಕು ಹೋದರೂ ಢಮ್. ಮುಂದಕ್ಕೆ.

ನಾಲ್ಕು, ಸತ್ತವರು. ಇದಕ್ಕೆ ಅರ್ಧ ಗಂಟೆ ಬೇಕಿತ್ತು, ಎರಡು ಮಾತು ಹೇಳುತ್ತೇನೆ. ಆ ಸಿನಿಮಾದಲ್ಲಿ ನಾಲ್ಕು ಹೆಂಗಸರು ಕೊಲೆಯಾಗುತ್ತಾರೆ. ಒಬ್ಬರ ಹೆಸರೂ ನನಗೆ ನೆನಪಿಲ್ಲ. ಗೋಡೆಯ ಮೇಲೆ ಫೋಟೋ, ಫೋಟೋಗೆ ಗುಂಡುಪಿನ್ನು, ಪಿನ್ನಿಗೆ ದಾರ. ಸತ್ತವಳು ಬೆಳಗ್ಗೆ ಎದ್ದು ಎಲ್ಲಿಗೆ ಹೊರಟಿದ್ದಳು, ಸಂಜೆ ಅವಳಿಗೆ ಕಾಯುತ್ತಿದ್ದವರು ಯಾರು, ಒಂದು ದೃಶ್ಯವೂ ಇಲ್ಲ. ಡಾಕ್ಟರು ಯಾಕೆ ಹೀಗಾದ ಅನ್ನುವುದಕ್ಕೆ ಮಾತ್ರ ಅವನ ಬಾಲ್ಯಕ್ಕೆ ಹೋಗಿ ಹನ್ನೆರಡು ನಿಮಿಷ. ನನಗೆ ಸಿಟ್ಟು ಬಂದದ್ದು ನಿಜವಾಗಿ ಇಲ್ಲಿ. ಕೊಲೆಗಾರ ಯಾರು ಅಂತ ಕೇಳುವ ಸಿನಿಮಾ, ಸತ್ತವರು ಯಾರು ಅಂತ ಒಂದು ಸಲವೂ ಕೇಳಲಿಲ್ಲ.

ಐದು, ಆರು ಬಿಟ್ಟೆ. ಏಳು ನಾನು ಬರೆದದ್ದೇ ಓದಲಿಕ್ಕೆ ಆಗುತ್ತಿಲ್ಲ, 'ಇಂಟರ್‌ವಲ್' ಅಂತೇನೋ ಇದೆ.

ಪ್ರಶ್ನೆಗಳಿಗೆ ಸಮಯ ಇದೆಯಂತೆ. ಸಿನಿಮಾದ ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಕೊಲೆಗಾರ ಯಾರು ಅಂತಲೂ ಹೇಳಿದ ಹಾಗೆ, ಪೋಸ್ಟರ್‌ನಲ್ಲಿ ಎರಡನೇ ಮುಖ ಅವನದೇ. ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಾರಲ್ಲ, ಅವರೇ ನಮ್ಮ ಭಾವ. ಅವರನ್ನು ಕೇಳಿ.