ಕುದುರೆಗೆ ಕಬ್ಬಿಣದ ಅಂಗಿ ಹೊಲಿಯುವುದು

ನಮಸ್ಕಾರ. ಮೂರು ವಾರದಿಂದ ನನ್ನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದೇನೆ. ಏನಾಯಿತು ಅಂತ ಕೇಳಿದವರಿಗೆಲ್ಲ ಸುಮ್ನೆ ಏನೋ ಒಂದು ಹೇಳಿ ಸಾಕಾಯಿತು, ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಸಾವಿರದ ಏಳುನೂರು ವರ್ಷ ಹಿಂದೆ ಯುದ್ಧದ ಕುದುರೆಗೆ ತೊಡಿಸುತ್ತಿದ್ದ ಕವಚದ ಒಂದು ತುಣುಕನ್ನು ನಾನೇ ಮಾಡಿ ನೋಡೋಣ ಅಂತ ಕೂತಿದ್ದೆ. ಇಡೀ ಕವಚ ಅಲ್ಲ. ಒಂದು ಗೇಣು ಉದ್ದ, ಒಂದು ಗೇಣು ಅಗಲ. ಅಷ್ಟಕ್ಕೇ ಈ ಗತಿ.

ಕುದುರೆಯ ಕವಚಕ್ಕೆ ನಮ್ಮಲ್ಲೇ ಒಂದು ಒಳ್ಳೆ ಪದ ಇದೆ, ಹಕ್ಕರಿಕೆ. ಹಳೆಯ ಕಾವ್ಯಗಳ ಯುದ್ಧದ ಪದ್ಯಗಳಲ್ಲಿ ರಾವುತ, ಹಲ್ಲಣ, ಸೀಸಕ ಇವುಗಳ ಜೊತೆ ಇದೂ ಬರುತ್ತದೆ. ಈಗ ಯಾರೂ ಬಳಸುವುದಿಲ್ಲ. ನಾನು ಇವತ್ತು ಬಳಸುತ್ತೇನೆ, ಆದರೆ ಹೇಳಹೊರಟಿರುವುದು ನಮ್ಮ ನಾಡಿನ ಕುದುರೆಗಳ ವಿಷಯ ಅಲ್ಲ. ಇರಾನ್, ಸಿರಿಯಾ, ಕೊರಿಯಾ ಕಡೆಯದು.

ಕ್ರಿಸ್ತಪೂರ್ವ 53ರಲ್ಲಿ, ಈಗಿನ ಟರ್ಕಿಯಲ್ಲಿರುವ ಕಾರ್ಹೆ ಅನ್ನುವ ಜಾಗದಲ್ಲಿ, ರೋಮಿನ ಸೇನಾಪತಿ ಕ್ರಾಸಸ್‌ಗೆ ಆಗ ಇರಾನ್ ಆಳುತ್ತಿದ್ದ ಪಾರ್ಥಿಯನ್ನರ ಸೇನೆ ಎದುರಾಯಿತು. ಪಾರ್ಥಿಯನ್ನರು ತಮ್ಮ ಕವಚಗಳ ಮೇಲೆ ಬಟ್ಟೆ, ಚರ್ಮ ಹೊದ್ದುಕೊಂಡಿದ್ದರಂತೆ. ದೂರದಿಂದ ನೋಡಿದರೆ ಏನೂ ವಿಶೇಷ ಇಲ್ಲ. ಹತ್ತಿರ ಬಂದ ಮೇಲೆ ನಗಾರಿ ಬಾರಿಸಿ, ಹೊದಿಕೆ ಕಿತ್ತೆಸೆದರು. ಒಳಗೆ ಫಳಫಳ ಹೊಳೆಯುವ ಉಕ್ಕು, ಕುದುರೆಗಳ ಮೈಮೇಲೂ ಕಂಚು ಮತ್ತು ಕಬ್ಬಿಣ. ಇದನ್ನು ಬರೆದಿಟ್ಟವನು ಗ್ರೀಕ್ ಬರಹಗಾರ ಪ್ಲೂಟಾರ್ಕ್. ಇಂಥ ಸವಾರರಿಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ 'ಪೂರ್ತಿ ಮುಚ್ಚಿಕೊಂಡವನು'.

ಸರಿ, ಅದನ್ನು ಮತ್ತೆ ಮಾಡಬೇಕು ಅಂದರೆ ಯಾವುದನ್ನು ನೋಡಿ ಮಾಡುವುದು? ಚಿತ್ರ ನೋಡಿ ಮಾಡೋಣ ಅಂದರೆ ಮೋಸ ಹೋಗುತ್ತೇವೆ. ರೋಮಿನಲ್ಲಿ ಟ್ರೇಜನ್ ಚಕ್ರವರ್ತಿಯ ದೊಡ್ಡ ಕಂಬ ಇದೆ, 113ರದ್ದು. ಅದರಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಸರ್ಮೇಶಿಯನ್ ಸವಾರರನ್ನು ಕೆತ್ತಿದ್ದಾರೆ. ಮೀನಿನ ಹುರುಪೆಯಂಥ ಕವಚ ಸವಾರನ ಮೈಗೂ ಕುದುರೆಯ ಮೈಗೂ ಬಿಗಿಯಾಗಿ ಅಂಟಿಕೊಂಡಿದೆ, ಕುದುರೆಯ ಕಾಲಿಗೂ ಬಿಟ್ಟಿಲ್ಲ, ಗೊರಸಿನವರೆಗೂ ಹುರುಪೆಯೇ. ಆ ಅಂಗಿ ತೊಟ್ಟು ಒಂದು ಕುದುರೆ ನಾಲ್ಕು ಹೆಜ್ಜೆ ನಡೆದು ತೋರಿಸಲಿ ನೋಡೋಣ. ಶಿಲ್ಪಿ ಅದನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ ಅಂತ ನನ್ನ ಗುಮಾನಿ.

ಇರಾನಿನ ತಾಕ್ ಎ ಬೋಸ್ತಾನ್ ಬಂಡೆಯ ಶಿಲ್ಪ ಹಾಗಲ್ಲ. ಅಲ್ಲಿ ಸಸಾನಿಯನ್ ದೊರೆಯ ಕುದುರೆಗೆ ಮುಂದಿನ ಅರ್ಧಕ್ಕೆ ಮಾತ್ರ ಹಕ್ಕರಿಕೆ. ತಲೆ, ಕುತ್ತಿಗೆ, ಎದೆ, ಅಷ್ಟೇ. ಬಾಣ ಬರುವುದು ಮುಂದಿನಿಂದ, ಹಿಂದೆ ಯಾಕೆ ಸುಮ್ನೆ ಭಾರ? ಇದನ್ನು ಕೆತ್ತಿದವನು ಕುದುರೆ ಬಲ್ಲವನು.

ಆದರೆ ನಿಜವಾದ ನಿಧಿ ಸಿಕ್ಕಿದ್ದು ಸಿರಿಯಾದಲ್ಲಿ, ಯೂಫ್ರೆಟಿಸ್ ನದಿ ದಡದ ಡ್ಯೂರಾ ಯೂರೋಪೋಸ್ ಊರಿನಲ್ಲಿ. ಸುಮಾರು 256ರಲ್ಲಿ ಸಸಾನಿಯನ್ನರು ಈ ಊರಿಗೆ ಮುತ್ತಿಗೆ ಹಾಕಿ, ಕೋಟೆಯ ಒಂದು ಬುರುಜಿನ ಕೆಳಗೆ ಸುರಂಗ ಕೊರೆದರು. ಬುರುಜು ಕುಸಿಯಿತು. ಅದರೊಳಗೆ ಇಟ್ಟಿದ್ದ ಹಕ್ಕರಿಕೆಗಳು ಹಾಗೇ ಮಣ್ಣಿನಲ್ಲಿ ಹೂತುಹೋದವು. ಒಣ ಮರಳುಗಾಡು, ನೀರಿಲ್ಲ, ಹಾಗಾಗಿ ಲೋಹ ಅಷ್ಟೇ ಅಲ್ಲ, ಅದನ್ನು ಹೊಲಿದ ಬಟ್ಟೆ, ಅಂಚಿನ ಚರ್ಮ ಕೂಡ ಉಳಿಯಿತು. 1930ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮತ್ತು ಫ್ರೆಂಚರು ಸೇರಿ ಅಗೆದಾಗ ಸಿಕ್ಕಿತು. ಸಿಕ್ಕಿದ ಖುಷಿಗೆ ಅವರು ಏನು ಮಾಡಿದರು ಗೊತ್ತಾ? ಅದನ್ನು ಒಂದು ಜೀವಂತ ಕುದುರೆಗೇ ತೊಡಿಸಿ ಫೋಟೋ ತೆಗೆದರು! ಈಗಿನ ವಸ್ತುಸಂಗ್ರಹಾಲಯದವರು ಆ ಫೋಟೋ ನೋಡಿದರೆ ಎದೆ ಹಿಡಿದುಕೊಳ್ಳುತ್ತಾರೆ. ಆದರೆ ನನಗೆ ಆ ಫೋಟೋ ಇಷ್ಟ. ಅಳತೆ ಸರಿಹೋಗಿದೆ. ಜೀನಿಗೆ ಅಂತ ಬೆನ್ನಿನ ಮೇಲೆ ಬಿಟ್ಟಿರುವ ತೂತು, ಬಾಲದ ಮೇಲೆ ಇಳಿಬೀಳುವ ತುಂಡು, ಎಲ್ಲ ಇರಬೇಕಾದ ಕಡೆ ಇದೆ.

ಕೆಲಸದ ರೀತಿ ಕೇಳಲು ಸರಳ. ದಪ್ಪ ಬಟ್ಟೆಯ ಮೇಲೆ ಸಣ್ಣ ಸಣ್ಣ ಲೋಹದ ಬಿಲ್ಲೆಗಳು. ಪಕ್ಕದ ಬಿಲ್ಲೆಗೆ ಪಕ್ಕದ್ದನ್ನು ಕಟ್ಟಬೇಕು, ಇಡೀ ಸಾಲನ್ನು ಬಟ್ಟೆಗೆ ಹೊಲಿಯಬೇಕು, ಮೇಲಿನ ಸಾಲು ಕೆಳಗಿನ ಸಾಲಿನ ಹೊಲಿಗೆಯನ್ನು ಮುಚ್ಚಬೇಕು. ಮನೆಗೆ ಹೆಂಚು ಹೊದಿಸಿದ ಹಾಗೆ. ಮೇಲಿನಿಂದ ಬಂದ ಬಾಣ ಜಾರಿ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಭರ್ಜಿ ತಿವಿದರೆ ಮಾತ್ರ ಬಿಲ್ಲೆ ಎದ್ದು ದಾರಿ ಬಿಡುತ್ತದೆ, ಮಂಗ ಹೆಂಚು ಎತ್ತಿದ ಹಾಗೆ.

ನಾನು ಎಣ್ಣೆ ಡಬ್ಬದ ತಗಡು ಕತ್ತರಿಸಿದೆ. ಸಾಲಿಗೆ 8 ಬಿಲ್ಲೆ, 8 ಸಾಲು, ಒಟ್ಟು 64. ಒಂದೊಂದಕ್ಕೆ 4 ತೂತು, ಅಂದರೆ 256 ತೂತು. ಡ್ಯೂರಾ ಬಿದ್ದ ವರ್ಷ, ಬೇಕಂತ ಮಾಡಿದ್ದಲ್ಲ! ಮೊಳೆ ಸುತ್ತಿಗೆ ಹಿಡಿದು ತೂತು ಹೊಡೆಯುವುದು ಒಂದು ಸಂಜೆಯ ಕೆಲಸ, ಅದೇನೂ ಕಷ್ಟ ಅಲ್ಲ. ಕಷ್ಟ ಶುರುವಾಗಿದ್ದು ದಾರದಿಂದ. ಟೈಲರ್ ದಾರದಲ್ಲಿ ಹೊಲಿದು, ತುಣುಕನ್ನು ಎತ್ತಿ ನಾಲ್ಕು ಸಲ ಅಲ್ಲಾಡಿಸಿದೆ ನೋಡಿ, ಬಿಲ್ಲೆಗಳು ಟಣ್ ಟಣ್ ಅಂತ ನೆಲಕ್ಕೆ ಉದುರಿದವು. ತೂತಿನ ಅಂಚೇ ದಾರವನ್ನು ಕೊಯ್ದಿತ್ತು. ಆಮೇಲೆ ಒಂದೊಂದು ತೂತನ್ನೂ ಅರ ಹಾಕಿ ಉಜ್ಜಿ, ಚಪ್ಪಲಿ ಹೊಲಿಯುವವರ ಹತ್ತಿರ ಮೇಣ ಹಚ್ಚಿದ ದಾರ ತಂದು, ದಬ್ಬಣದಲ್ಲಿ ಮತ್ತೆ ಮೊದಲಿನಿಂದ. ಹೆಬ್ಬೆರಳಿಗೆ ಬಟ್ಟೆ ಬಂದಿದ್ದು ಆ ದಬ್ಬಣದ ದೆಸೆಯಿಂದ. ಕುದುರೆಯ ಮೈಗೆ ಎರಡು ಚದರ ಮೀಟರ್ ಬೇಕು ಅಂತ ಇಟ್ಟುಕೊಂಡರೂ ಇಂಥ 50 ತುಣುಕು ಬೇಕು. ಇಂಥ ಕುದುರೆ ಒಂದಲ್ಲ, ನೂರಾರು. ಅಂದರೆ ಕಮ್ಮಾರ ಮಾಡಿದ್ದಕ್ಕಿಂತ ಹೊಲಿದವರು ಮಾಡಿದ ಕೆಲಸವೇ ಜಾಸ್ತಿ, ಅಲ್ವಾ? ಸವಾರನ ಜೀವ ದಾರದ ಮೇಲೆ ನಿಂತಿತ್ತು. ಮಣ್ಣಿನಲ್ಲಿ ಮೊದಲು ಕೊಳೆಯುವುದೂ ಆ ದಾರವೇ, ಅದಕ್ಕೇ ಈ ಕವಚಗಳನ್ನು ಮತ್ತೆ ಮಾಡುವವರಿಗೆ ಇಷ್ಟು ತಲೆನೋವು.

ದಾರ ಹೋದ ಮೇಲೂ ಸಾಧ್ಯವೇ ಅಂದರೆ, ದಕ್ಷಿಣ ಕೊರಿಯಾದ ಗ್ಯೊಂಗ್ಜು ನೋಡಿ. 2009ರಲ್ಲಿ ಅಲ್ಲಿನ ಸಿಲ್ಲಾ ರಾಜ್ಯದ ಕಾಲದ ಒಂದು ಗೋರಿಯಲ್ಲಿ, 5ನೇ ಶತಮಾನದ್ದು, ಕುದುರೆ ಕವಚ ಇಡಿಯಾಗಿ ಸಿಕ್ಕಿತು. ಇಲ್ಲಿ ಬಿಲ್ಲೆಗಳನ್ನು ಬಟ್ಟೆಗೆ ಹೊಲಿಯುವ ಬದಲು ಒಂದಕ್ಕೊಂದು ಕಟ್ಟಿದ್ದರು. ಕಟ್ಟು ಹೋಗಿತ್ತು, ಆದರೆ ಹೂಳುವಾಗ ಕವಚವನ್ನು ನೆಲದ ಮೇಲೆ ಚಾಪೆಯಂತೆ ಬಿಡಿಸಿ ಹಾಸಿದ್ದರು. ಕುತ್ತಿಗೆ, ಎದೆ, ಪಕ್ಕೆ, ಹಿಂಭಾಗ, ಎಲ್ಲ ಸಾಲಾಗಿ. ಅದೇ ಅದೃಷ್ಟ. ಯಾವ ತುಂಡಿನ ಪಕ್ಕ ಯಾವುದು ಅಂತ ನೆಲವೇ ನೆನಪಿಟ್ಟುಕೊಂಡಿತ್ತು. 740 ತುಂಡುಗಳು. ಬಿಡಿಸಿ, ತುಕ್ಕು ತೆಗೆದು, ಜೋಡಿಸಿ, ಜನರ ಮುಂದೆ ಇಡಲು ಹತ್ತು ವರ್ಷ ಹಿಡಿಯಿತು. 2020ರಲ್ಲಿ ಪ್ರದರ್ಶನ ಮಾಡಿದರು. ತೂಕ ಸುಮಾರು 36 ಕಿಲೋ.

36 ಕಿಲೋ ಅಂದರೆ 25 ಕಿಲೋದ ಅಕ್ಕಿ ಮೂಟೆ ಹತ್ತಿರ ಹತ್ತಿರ ಒಂದೂವರೆ, ಕುದುರೆಗೆ ಇದೇನು ಮಹಾ ಅನ್ನಿಸಬಹುದು. ಲೆಕ್ಕ ಹಾಕೋಣ. ಕುದುರೆ ತನ್ನ ತೂಕದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊರಬಾರದು ಅಂತ ಈಗಿನ ಕುದುರೆಯವರು ಹೇಳುತ್ತಾರೆ. 400 ಕಿಲೋ ಕುದುರೆಗೆ 80 ಕಿಲೋ. ಸವಾರ 65, ಅವನ ಕವಚ 20, ಜೀನು ಭರ್ಜಿ ಸೇರಿ 10, ಮೇಲೆ ಈ 36. ಆಯಿತಲ್ಲ 131! ಹೀಗಿರುವಾಗ ದಿನವಿಡೀ ಓಡುವ ಮಾತೇ ಇಲ್ಲ. ಯುದ್ಧಕ್ಕೆ ಮುಂಚೆ ತೊಡಿಸಿ, ಒಂದು ಏರು ಹೋಗಿ, ಬೇಗ ಬಿಚ್ಚಬೇಕು.

ರಿಕಾಪು ಆಗ ಪಾರ್ಥಿಯನ್ನರಿಗೂ ಇರಲಿಲ್ಲ, ರೋಮನ್ನರಿಗೂ ಇರಲಿಲ್ಲ. ಕಾಲು ಊರಲು ಏನೂ ಇಲ್ಲದೆ ಕುದುರೆಯ ಮೇಲಿಂದ ಹೇಗೆ ಹೋರಾಡುತ್ತಿದ್ದರು ಅಂತ ಬಹಳ ದಿನ ವಾದ ಇತ್ತು. ಬ್ರಿಟನ್ನಿನ ಪೀಟರ್ ಕಾನೊಲಿ ನಾಲ್ಕು ಕೊಂಬಿನ ರೋಮನ್ ಜೀನನ್ನು ಮಾಡಿಸಿ, ಜನರನ್ನು ಕೂರಿಸಿ ನೋಡಿದರು. ಕೊಂಬುಗಳು ತೊಡೆಯನ್ನೂ ಸೊಂಟವನ್ನೂ ಹಿಡಿದುಕೊಳ್ಳುತ್ತವೆ, ಸವಾರ ಪಕ್ಕಕ್ಕೆ ವಾಲಿದರೂ ಬೀಳುವುದಿಲ್ಲ. ವಾದ ಅರ್ಧಕ್ಕರ್ಧ ತಣ್ಣಗಾಯಿತು.

ಇನ್ನು ಸೆಕೆ. ಪೂರ್ತಿ ಕವಚದ ಸವಾರರಿಗೆ ರೋಮನ್ನರು ಕ್ಲಿಬನಾರಿ ಅಂತಲೂ ಹೇಳುತ್ತಿದ್ದರು. ಅದು ರೊಟ್ಟಿ ಸುಡುವ ಒಲೆಯ ಹೆಸರಿನಿಂದ ಬಂದದ್ದು ಅಂತ ಕೆಲವರು, ಅಲ್ಲ, ಪರ್ಷಿಯನ್ ಭಾಷೆಯ ಕುತ್ತಿಗೆ ಕವಚದ ಪದ ಅಂತ ಇನ್ನು ಕೆಲವರು. ಮೆಸೊಪೊಟೇಮಿಯದ ಬಿಸಿಲಿನಲ್ಲಿ ಆ ಕಬ್ಬಿಣದೊಳಗೆ ಕೂತವನನ್ನು ಕೇಳಿದ್ದರೆ ಒಲೆ ಅಂತಲೇ ಹೇಳುತ್ತಿದ್ದನೇನೋ.

ನನ್ನ ತುಣುಕಿನಲ್ಲಿ ಆರು ಸಾಲು ಮುಗಿದಿದೆ. ಮೊನ್ನೆ ಅದನ್ನು ಬಿಸಿಲಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದೆ, ಕೈ ಹಿಂದಕ್ಕೆ ಎಳೆದುಕೊಂಡೆ. ಇನ್ನೆರಡು ಸಾಲು ಬಾಕಿ, ಮೇಣದ ದಾರ ಖಾಲಿ. ನಾಳೆ ಮತ್ತೆ ಚಪ್ಪಲಿ ಅಂಗಡಿಗೆ ಹೋಗಬೇಕು. ನಮಸ್ಕಾರ.