ಆಟ ಒಂದೇ, ಕನ್ಸೋಲ್ ಎರಡು

ಕೇಳುಗರಿಗೆ ನಮಸ್ಕಾರ.

ಒಂದೇ ಗೇಮ್ ಎರಡು ಕಂಪನಿಗಳ ಕನ್ಸೋಲ್‌ಗೆ, ಅಂದರೆ ಗೇಮ್ ಆಡುವ ಯಂತ್ರಕ್ಕೆ, ಬಂದರೆ ಸಾಕು, ಅಭಿಮಾನಿಗಳ ಜಗಳ ಶುರು. ಯಾವ ಕಡೆ ಜಾಸ್ತಿ ಮಾರಿತು? ಕಡಿಮೆ ಮಾರಿದ ಕಡೆಯವರಿಗೆ ಇಂಥ ಆಟವೇ ಬೇಡ ಅಂತ ತೀರ್ಪು ಬೇರೆ. ಅದರಲ್ಲೂ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರವಾಗಿ ಕಥೆಯೊಳಗೆ ನಡೆಯುವ ಆಟದ ಸರಣಿಯಾದರೆ ಕೇಳಲೇಬೇಡಿ. ನನ್ನ ಪ್ರಕಾರ ಇಂಥ ಸರಣಿಯ ಮಾರಾಟ ಯಂತ್ರದ ತಾಕತ್ತಿನ ಮೇಲೆ ನಿಂತಿಲ್ಲ. ಹಿಂದಿನ ಭಾಗಗಳನ್ನು ಜನ ಎಲ್ಲಿ ಆಡಿದ್ದರು, ಹೊಸದು ಯಾವಾಗ ಕೈಗೆ ಸಿಕ್ಕಿತು, ಇವೆರಡರ ಮೇಲೆ ನಿಂತಿದೆ.

ಫೈನಲ್ ಫ್ಯಾಂಟಸಿಯನ್ನೇ ತಗೊಳ್ಳಿ. 1987ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದ ಆಟ. ಮೊದಲ ಆರು ಭಾಗಗಳೂ ನಿಂಟೆಂಡೊ ಯಂತ್ರಗಳಿಗೇ ಬಂದವು. ಏಳನೆಯದಕ್ಕೆ ಜಾಗ ಸಾಲಲಿಲ್ಲ. ನಿಂಟೆಂಡೊದ ಆಗಿನ ಹೊಸ ಯಂತ್ರ ನಿಂಟೆಂಡೊ 64ರ ಕಾರ್ಟ್ರಿಜ್‌ನಲ್ಲಿ, ಅಂದರೆ ಆಟ ತುಂಬಿಕೊಡುವ ಪುಟ್ಟ ಡಬ್ಬಿಯಲ್ಲಿ, ಹೆಚ್ಚೆಂದರೆ 64 ಎಂಬಿ ಹಿಡಿಯುತ್ತಿತ್ತು, ಒಂದು ಸಿಡಿಯಲ್ಲಿ ಸುಮಾರು 650. ಆಟ ಮಾಡುವ ಸ್ಕ್ವೇರ್ ಕಂಪನಿ ಸೋನಿ ಕಡೆ ಹೊರಟಿತು. 1997ರಲ್ಲಿ ಸೋನಿಯ ಪ್ಲೇಸ್ಟೇಷನ್‌ಗೆ (ಮುಂದೆ ಚಿಕ್ಕದಾಗಿ ಪಿಎಸ್) ಮೂರು ಸಿಡಿಗಳಲ್ಲಿ ಆಟ ಬಂತು. ಆಟಗಾರರೂ ಹಿಂದೆಯೇ ಹೋದರು.

ಹದಿಮೂರನೆಯ ಭಾಗ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ಕ್ಕೂ ಬರುತ್ತದೆ ಎಂದು 2008ರಲ್ಲಿ ಘೋಷಣೆಯಾದಾಗ ದೊಡ್ಡ ಗಲಾಟೆ. ಪಿಎಸ್3ಗೆ ಒಂದು ಬ್ಲೂ-ರೇ ಡಿಸ್ಕ್, ಎಕ್ಸ್‌ಬಾಕ್ಸ್‌ಗೆ ಮೂರು ಡಿವಿಡಿ. ಕಥೆಯ ನಡುವೆ ಎದ್ದು ಡಿಸ್ಕ್ ಬದಲಾಯಿಸಬೇಕಿತ್ತು. ಅದನ್ನು ಹಿಡಿದುಕೊಂಡು ಎಷ್ಟು ಗೇಲಿ ಅಂತೀರಿ! ಆದರೆ ಮಾರಾಟಕ್ಕೆ ಮುಖ್ಯವಾದ ಸಂಗತಿ ಬೇರೆ. ಜಪಾನಿನಲ್ಲಿ 2009ರ ಡಿಸೆಂಬರ್‌ನಲ್ಲಿ ಪಿಎಸ್3ಗೆ ಮಾತ್ರ ಬಿಡುಗಡೆ, ಎಕ್ಸ್‌ಬಾಕ್ಸ್‌ಗೆ ಅಲ್ಲಿ ಒಂದು ವರ್ಷ ತಡ. ಹೀಗಿರುವಾಗ ಎರಡರ ಒಟ್ಟು ಲೆಕ್ಕ ಪಕ್ಕಪಕ್ಕ ಇಟ್ಟು ಏನು ಹೇಳೋಣ?

ಒಂದೇ ದಿನ ಬಂದದ್ದು ಬೇಕಾದರೆ ಇಂಥದ್ದೇ ಇನ್ನೊಂದು ಸರಣಿಯ ಡ್ರ್ಯಾಗನ್ ಕ್ವೆಸ್ಟ್ 11 ಇದೆ. 2017ರ ಜುಲೈಯಲ್ಲಿ ಜಪಾನಿನಲ್ಲಿ ಪಿಎಸ್4ಗೂ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗೂ ಬಂತು. ಪಿಎಸ್4ನಲ್ಲಿ ಟಿವಿ ತುಂಬ ಚಂದದ ಚಿತ್ರ. 3ಡಿಎಸ್‌ನಲ್ಲಿ ಆಟದ ಆರಂಭದಲ್ಲಿ ಮೇಲಿನ ಪರದೆ ತ್ರೀಡಿ, ಕೆಳಗಿನದು ಹಳೇ ಕಾಲದ ಪುಟ್ಟ ಚುಕ್ಕಿ ಬೊಂಬೆಗಳು. ನಾಯಕ ಎರಡರಲ್ಲೂ ಒಟ್ಟಿಗೇ ನಡೆಯುತ್ತಾನೆ. ಮೊದಲ ವಾರ ಜಾಸ್ತಿ ಮಾರಿದ್ದು ಆ ಪುಟ್ಟ ಯಂತ್ರದ್ದೇ. ಹಾಗಂತ ಪಿಎಸ್4 ಸೋತಿತು ಅನ್ನಬೇಡಿ. ಜಪಾನಿನಲ್ಲಿ 3ಡಿಎಸ್ ಇದ್ದವರು ಪಿಎಸ್4 ಇದ್ದವರಿಗಿಂತ ಎಷ್ಟೋ ಪಾಲು ಜಾಸ್ತಿ, ಮಾರಾಟದ ಅಂತರ ಮಾತ್ರ ಅಷ್ಟಿರಲಿಲ್ಲ. ಅಂದರೆ ನೂರು ಜನಕ್ಕೆ ಎಷ್ಟು ಮಂದಿ ಕೊಂಡರು ಎಂದು ನೋಡಿದರೆ 3ಡಿಎಸ್‌ನವರಿಗಿಂತ ಪಿಎಸ್4 ಇದ್ದವರೇ ಹೆಚ್ಚು. ಇನ್ನು ಕಂಪನಿಗಳು ಕೆಲವೊಮ್ಮೆ ಅಂಗಡಿಗೆ ಕಳಿಸಿದ್ದನ್ನೂ ಲೆಕ್ಕಕ್ಕೆ ಸೇರಿಸಿ ಹೇಳುತ್ತವೆ, ಅದು ನೆನಪಿರಲಿ.

2023ರ ಜೂನ್‌ನಲ್ಲಿ ಫೈನಲ್ ಫ್ಯಾಂಟಸಿ 16 ಪಿಎಸ್5ಗೆ ಮಾತ್ರ ಬಂತು. ಮುಂದಿನ ವರ್ಷವೇ ಸ್ಕ್ವೇರ್ ಎನಿಕ್ಸ್ (ಹಿಂದಿನ ಸ್ಕ್ವೇರ್ ಕಂಪನಿಯ ಈಗಿನ ಹೆಸರು) ತನ್ನ ದೊಡ್ಡ ಆಟಗಳನ್ನು ಎಲ್ಲ ಕನ್ಸೋಲ್‌ಗೂ ಕೊಡುವ ದಾರಿ ಹಿಡಿಯುತ್ತೇವೆ ಎಂದಿತು. ಎಕ್ಸ್‌ಬಾಕ್ಸ್‌ಗೆ ಆ ಆಟ ಮುಟ್ಟಿದ್ದು 2025ರ ಜೂನ್‌ನಲ್ಲಿ. ಎರಡು ವರ್ಷ ಕಾಯಿಸಿ, ಕಥೆಯೆಲ್ಲ ಊರಿಗೇ ಗೊತ್ತಾದ ಮೇಲೆ ಕೊಟ್ಟು, ಎಕ್ಸ್‌ಬಾಕ್ಸ್‌ನವರಿಗೆ ಇಂಥ ಆಟ ಬೇಡ ಅನ್ನೋದು ನ್ಯಾಯ ಅಲ್ಲ. ಒಂದೇ ದಿನ ಕೊಟ್ಟು ನೋಡಲಿ, ಆಮೇಲೆ ಎಣಿಸೋಣ.

ನಮಸ್ಕಾರ.